ಪಿಎ ಫ್ಲೋರೋಸ್ಕೋಪಿ ಪರ್ಮಿಟ್: ಕ್ಯಾಲಿಫೋರ್ನಿಯಾದಲ್ಲಿ ನಾನು ಮಾಡಿದ ಕ್ರಮ

ಕ್ಯಾಲಿಫೋರ್ನಿಯಾದಲ್ಲಿ ಫಿಸಿಷಿಯನ್ ಅಸಿಸ್ಟೆಂಟ್ (ಪಿಎ, ವೈದ್ಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುವವರು) ಲೈಸೆನ್ಸ್ ಇದ್ದ ಮಾತ್ರಕ್ಕೆ ಫ್ಲೋರೋಸ್ಕೋಪಿಯ, ಅಂದರೆ ದೇಹದೊಳಗನ್ನು ಪರದೆಯ ಮೇಲೆ ನೇರವಾಗಿ ತೋರಿಸುವ ಎಕ್ಸ್-ರೇ ಯಂತ್ರದ, ಪೆಡಲ್ ಒತ್ತುವಂತಿಲ್ಲ. ರಾಜ್ಯ ಆರೋಗ್ಯ ಇಲಾಖೆಯ ವಿಕಿರಣ ಶಾಖೆ ಕೊಡುವ ಪ್ರತ್ಯೇಕ ಪರ್ಮಿಟ್ ಬೇಕು. ಈ ದಾರಿ ತೆರೆದದ್ದು 2009ರ ಎಬಿ 356 ಮಸೂದೆ. ಊರಲ್ಲಿ ಪಿಎ ಬಿಎಸ್ಸಿ ಮುಗಿಸಿ ಬರುವವರು ಒಂದು ಮಾತು ನೆನಪಿಡಬೇಕು: ಅಮೆರಿಕದಲ್ಲಿ ಮಾನ್ಯತೆ ಪಡೆದ ಪಿಎ ಕೋರ್ಸ್ ಮಾಡದೆ ಇಲ್ಲಿನ ಲೈಸೆನ್ಸ್ ಪರೀಕ್ಷೆಗೇ ಕೂರಲಾಗದು. ಪರ್ಮಿಟ್ಟಿನ ಮಾತು ಅದಾದ ಮೇಲೆ.

ಕೋರ್ಸಿಗೆ ದುಡ್ಡು ಕಟ್ಟುವ ಮೊದಲೇ ನಾನು ನೋಡಿದ್ದು ಮೇಲ್ವಿಚಾರಕ ವೈದ್ಯರ ಕಾಗದ. ಅವರಿಗೇ ಫ್ಲೋರೋಸ್ಕೋಪಿ ಪರ್ಮಿಟ್ ಇಲ್ಲದಿದ್ದರೆ, ಅಥವಾ ಅದರಿಂದ ವಿನಾಯಿತಿ ಇಲ್ಲದಿದ್ದರೆ, ನಮಗೆ ಕೆಲಸ ವಹಿಸಿಕೊಡಲು ಬರುವುದಿಲ್ಲ. ಆಮೇಲೆ ಪಿಎ ಮತ್ತು ರೇಡಿಯಾಲಜಿ ತಂತ್ರಜ್ಞರ ಸಂಘಗಳು ಸೇರಿ ರೂಪಿಸಿದ ಪಠ್ಯಕ್ರಮ: 40 ಗಂಟೆ ಪಾಠ, 40 ಗಂಟೆ ಮೇಲ್ವಿಚಾರಣೆಯಲ್ಲಿ ಪ್ರಾಯೋಗಿಕ ಕೆಲಸ. ಕೊನೆಗೆ ವಿಕಿರಣ ಸುರಕ್ಷತೆಯ ಪರೀಕ್ಷೆ. ಪ್ರಾಯೋಗಿಕ ಗಂಟೆಗಳಿಗೆ ಅಂದಂದೇ ಸಹಿ ಹಾಕಿಸಿಕೊಳ್ಳಿ. ತಿಂಗಳ ಕೊನೆಗೆ ಒಟ್ಟಿಗೆ ಬರೆದರೆ ದಿನಾಂಕ ತಾಳೆಯಾಗುವುದಿಲ್ಲ. ಈ ಪರ್ಮಿಟ್ ಫ್ಲೋರೋಸ್ಕೋಪಿಗೆ ಮಾತ್ರ. ಸಿಟಿ ಸ್ಕ್ಯಾನ್‌ಗೂ ಇದಕ್ಕೂ ಸಂಬಂಧವಿಲ್ಲ.

ನಿಜವಾದ ಕಲಿಕೆ ಪೆಡಲ್ ಬಿಡುವುದರಲ್ಲಿದೆ. ಪರದೆಯ ಮೇಲೆ ಕೊನೆಯ ಚಿತ್ರ ನಿಂತೇ ಇರುತ್ತದೆ, ಸೂಜಿ ಎಲ್ಲಿದೆ ಎಂದು ಯೋಚಿಸಲು ಅಷ್ಟು ಸಾಕು. ಆದರೂ ಹೊಸಬರು ಯೋಚಿಸುತ್ತಾ ಒತ್ತಿಕೊಂಡೇ ಇರುತ್ತಾರೆ. ಸೆಕೆಂಡಿಗೆ 30 ಪಲ್ಸ್ (ಕಿರಣದ ಮಿಡಿತ) ಇದ್ದದ್ದನ್ನು 7.5ಕ್ಕೆ ಇಳಿಸಿದರೆ ಸೊಂಟದ ಇಂಜೆಕ್ಷನ್‌ಗೆ ಧಾರಾಳ. ಆದರೆ ಡೋಸ್ (ದೇಹಕ್ಕೆ ತಗಲುವ ವಿಕಿರಣ) ಕಾಲುಭಾಗವಾಯಿತೆಂದು ಲೆಕ್ಕ ಹಾಕಬೇಡಿ. ಚಿತ್ರ ಒರಟಾಗದಿರಲೆಂದು ಎಷ್ಟೋ ಯಂತ್ರಗಳು ಪ್ರತಿ ಪಲ್ಸ್‌ನ ಕರೆಂಟನ್ನು ತಾವಾಗಿ ಏರಿಸುತ್ತವೆ. ಚಿತ್ರ ದೊಡ್ಡದು ಮಾಡುವ ಬಟನ್ ಒತ್ತಿದಾಗಲೂ ಚರ್ಮದ ಡೋಸ್ ಏರುತ್ತದೆ. ನಾನು ಮೊದಲು ಕೊಲಿಮೇಟರ್ (ಕಿರಣದ ಅಗಲ ಕಿರಿದು ಮಾಡುವ ಕವಾಟ) ಬಿಗಿ ಮಾಡುತ್ತೇನೆ, ತೀರಾ ಬೇಕಾದರೆ ಮಾತ್ರ ಆ ಬಟನ್.

ಅತಿ ಹೆಚ್ಚು ತಪ್ಪಾಗುವುದು ಸಿ-ಆರ್ಮ್ (ಒಂದು ತುದಿಯಲ್ಲಿ ಕಿರಣ ಬಿಡುವ ಟ್ಯೂಬ್, ಇನ್ನೊಂದರಲ್ಲಿ ಚಿತ್ರ ಹಿಡಿಯುವ ಡಿಟೆಕ್ಟರ್ ಇರುವ ತೋಳು) ಪಕ್ಕಕ್ಕೆ ತಿರುಗಿದಾಗ. ಟ್ಯೂಬ್ ಮೇಜಿನ ಕೆಳಗಿದ್ದಾಗ ಚದುರಿದ ಕಿರಣ ಹೆಚ್ಚಾಗಿ ನೆಲದತ್ತ ಹೋಗುತ್ತದೆ. ಅಡ್ಡಕ್ಕೆ ತಿರುಗಿಸಿದ ಕೂಡಲೇ, ಕಿರಣ ರೋಗಿಯ ದೇಹ ಹೊಗುವ ಬದಿಯಿಂದಲೇ, ಅಂದರೆ ಟ್ಯೂಬಿನ ಕಡೆಗೆ, ಅದು ಜೋರಾಗಿ ವಾಪಸ್ ಬರುತ್ತದೆ. ಅಲ್ಲಿ ನಿಂತವರ ಮುಖ, ಕಣ್ಣಿಗೇ ಅದು. ಡಿಟೆಕ್ಟರ್ ಬದಿಗೆ ಬನ್ನಿ, ಒಂದು ಹೆಜ್ಜೆ ಹಿಂದೆ ಸರಿಯಿರಿ. ದೂರ ಇಮ್ಮಡಿಯಾದರೆ ಡೋಸ್ ಸುಮಾರು ಕಾಲುಭಾಗ. ಡಿಟೆಕ್ಟರ್ ರೋಗಿಗೆ ಅಂಟಿದಂತಿರಲಿ, ಟ್ಯೂಬ್ ಆದಷ್ಟು ದೂರವಿರಲಿ.

ಕಿರಣ ಬಿಟ್ಟ ಸಮಯ ಒಟ್ಟು ಐದು ನಿಮಿಷವಾದಾಗ ಯಂತ್ರ ಗಂಟೆ ಬಾರಿಸುತ್ತದೆ. ಅದನ್ನು ಸುಮ್ಮನೆ ಆರಿಸುವ ಅಭ್ಯಾಸ ಬಹಳ ಕೆಟ್ಟದ್ದು. ಆ ಹೊತ್ತಿಗಿನ ಮಿಲಿಗ್ರೇ (ಡೋಸಿನ ಅಳತೆ) ಅಂಕಿಯನ್ನು ಗಟ್ಟಿಯಾಗಿ ಹೇಳಿ, ಎಲ್ಲರಿಗೂ ಕೇಳಲಿ.

ನಮ್ಮ ಡೋಸ್ ಅಳೆಯುವ ಬ್ಯಾಡ್ಜ್ ಕಾಲರ್ ಬಳಿ, ಕಿರಣ ತಡೆಯುವ ಏಪ್ರನ್ ಹೊರಗೆ. ಇಲ್ಲಿ ಕೆಲಸಗಾರರಿಗೆ ವಾರ್ಷಿಕ ಮಿತಿ 50 ಮಿಲಿಸೀವರ್ಟ್. ಭಾರತದಲ್ಲಿ ಐದು ವರ್ಷದ ಸರಾಸರಿ 20, ಯಾವ ವರ್ಷವೂ 30 ಮೀರಬಾರದು. ನಾನು ಊರಿನ ಲೆಕ್ಕವನ್ನೇ ಪಾಲಿಸುತ್ತೇನೆ.

ಕೆಲಸ ಮುಗಿದ ಮೇಲೆ ಫ್ಲೋರೋ ಸಮಯದ ಜೊತೆ ಏರ್ ಕೆರ್ಮಾ (ಯಂತ್ರ ತೋರಿಸುವ ಒಟ್ಟು ಡೋಸ್) ಅಂಕಿಯನ್ನೂ ರೋಗಿಯ ದಾಖಲೆಗೆ ಬರೆಯಬೇಕು. ಅದು 5 ಗ್ರೇ ದಾಟಿದ್ದರೆ ವೈದ್ಯರಿಗೆ ತಿಳಿಸಿ, ಬೆನ್ನಿನ ಚರ್ಮ ಕೆಂಪಾಗುತ್ತದೆಯೇ ಎಂದು 2ರಿಂದ 4 ವಾರ ನೋಡಿಕೊಳ್ಳುವಂತೆ ಮನೆಯವರಿಗೆ ಹೇಳಿ ಕಳಿಸುತ್ತೇನೆ.