ಮೊದಲ ರೀಫ್ ಟ್ಯಾಂಕಿಗೆ ಕಲ್ಲು ಜೋಡಿಸುವಾಗ ಜಾಗ ಬಿಡಿ

ರೀಫ್ ಟ್ಯಾಂಕ್, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂ, ಮೊದಲ ಸಲ ಮಾಡುವವರು ಲೈಟು, ಪಂಪು, ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಅಂತ ತಿಂಗಳುಗಟ್ಟಲೆ ಓದುತ್ತಾರೆ, ಕಲ್ಲನ್ನು ಮಾತ್ರ ಒಂದೇ ಸಂಜೆಯಲ್ಲಿ ಹಿಂದಿನ ಗಾಜಿಗೆ ಒರಗಿಸಿ ಪೇರಿಸಿಬಿಡುತ್ತಾರೆ. ಪಂಪು ಸರಿಹೋಗದಿದ್ದರೆ ನಾಳೆ ಬದಲಾಯಿಸಬಹುದು. ಕಲ್ಲು ಹಾಗಲ್ಲ. ವರ್ಷ ಕಳೆಯುವಷ್ಟರಲ್ಲಿ ಅದರ ಮೇಲೆ ಹವಳ ಹಬ್ಬಿರುತ್ತದೆ, ಸಂದಿಯಲ್ಲಿ ಮೀನು ಸೇರಿಕೊಂಡಿರುತ್ತದೆ, ಒಂದು ಕಲ್ಲು ಅಲುಗಿಸಿದರೂ ಅಡಿಯಲ್ಲಿ ಕೂತ ಕೊಳೆಯೆಲ್ಲ ಮೇಲೇಳುತ್ತದೆ. ಅದಕ್ಕೇ ನೀರು ತುಂಬೋ ಮೊದಲು ಈ ಕೆಲಸಕ್ಕೆ ಒಂದು ವಾರ ಕೊಡಿ.

ಯಾವ ಕಲ್ಲು? ಸಣ್ಣ ಸಣ್ಣ ತೂತುಗಳಿರುವ, ಹಗುರವಾದ ಡ್ರೈ ರಾಕ್ (ಜೀವಿಗಳಿಲ್ಲದ ಒಣ ಕಲ್ಲು), ಇಲ್ಲವೇ ಅಕ್ವೇರಿಯಂಗೆಂದೇ ಮಾಡಿದ ಸೆರಾಮಿಕ್ ಕಲ್ಲು. ಆ ತೂತುಗಳೇ ಮುಖ್ಯ, ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ವಿಷವಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಇರೋದೇ ಅಲ್ಲಿ. ಹೊಳೆಯ ನುಣುಪು ಕಲ್ಲು ಇದಕ್ಕೆ ಆಗೋಲ್ಲ. ಇನ್ನೊಂದು ಮಾತು: ನೇತ್ರಾಣಿಗೆ ಡೈವಿಂಗ್ ಹೋದಾಗಲೋ, ಮುರ್ಡೇಶ್ವರದ ಮರಳಲ್ಲಿ ನಡೆಯುವಾಗಲೋ ಕಂಡ ಹವಳದ ತುಂಡನ್ನು, ಸತ್ತದ್ದಾದರೂ ಸರಿ, ಮನೆಗೆ ತರಬೇಡಿ. ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಅಂಗಡಿಯಲ್ಲಿ ಹವಳ ಕೊಳ್ಳುವಾಗಲೂ ಎಲ್ಲಿಂದ ಬಂತು, ಕಾಗದಪತ್ರ ಇದೆಯಾ ಅಂತ ಕೇಳಿ.

ಬೇರೆಯವರು ಬಳಸಿದ ಹಳೆ ಕಲ್ಲು ಅಗ್ಗಕ್ಕೆ ಸಿಕ್ಕಿದರೆ ಅದನ್ನು ಯಾವ ಕಾರಣಕ್ಕೂ ಕುದಿಸಬೇಡಿ. ಅದರ ಮೇಲೆ ಪ್ಯಾಲಿಥೋವಾ ಜಾತಿಯ ಹವಳ ಅಂಟಿದ್ದರೆ ಪ್ಯಾಲಿಟಾಕ್ಸಿನ್ ಎಂಬ ವಿಷ ಹಬೆಯ ಜೊತೆ ಮೇಲೆ ಬರುತ್ತದೆ. ಇದರಿಂದ ಇಡೀ ಮನೆಯವರು ಆಸ್ಪತ್ರೆ ಸೇರಿದ್ದುಂಟು.

ಈಗ ಲೆಕ್ಕ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಅಂದುಕೊಳ್ಳಿ, ಸುಮಾರು 180 ಲೀಟರ್. ಹಳೆ ಲೆಕ್ಕದ ಪ್ರಕಾರ ಲೀಟರಿಗೆ 120 ಗ್ರಾಂ, ಅಂದರೆ 20 ಕೆ.ಜಿ.ಗೂ ಜಾಸ್ತಿ ಕಲ್ಲು ಬೇಕು. ನನ್ನ ಪ್ರಕಾರ ಕಲ್ಲು ಹಗುರವಾಗಿದ್ದರೆ 10ರಿಂದ 14 ಕೆ.ಜಿ. ಸಾಕು. ನೋಡೋಕೆ ಟ್ಯಾಂಕ್ ಖಾಲಿ ಅನ್ನಿಸುತ್ತೆ, ಅನ್ನಿಸಲಿ. ಹವಳ ಬೆಳೆಯೋದು ಆ ಖಾಲಿ ಜಾಗಕ್ಕೇ ಅಲ್ವಾ?

ಟ್ಯಾಂಕಿನ ತಳದ ಅಳತೆಗೆ ಒಂದು ರಟ್ಟು ಕತ್ತರಿಸಿ ನೆಲದ ಮೇಲೆ ಹಾಸಿ. ಮುಂದೆ ಮತ್ತು ಎರಡೂ ಪಕ್ಕ 10 ಸೆಂ.ಮೀ., ಹಿಂದೆ 5 ಸೆಂ.ಮೀ. ಬಿಟ್ಟು ಗೆರೆ ಎಳೆಯಿರಿ. ಮೂರಡಿ ಟ್ಯಾಂಕಿನಲ್ಲಿ ನಿಮಗೆ ಉಳಿಯೋದು ಸುಮಾರು 70 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. ಕಲ್ಲೆಲ್ಲ ಇದರೊಳಗೇ ಇರಬೇಕು, ಇಲ್ಲದಿದ್ದರೆ ಗಾಜು ಉಜ್ಜುವ ಮ್ಯಾಗ್ನೆಟ್ ಹೋಗೋಲ್ಲ, ಹಿಂದೆ ನೀರು ಓಡಾಡೋಲ್ಲ. ಎತ್ತರ ಟ್ಯಾಂಕಿನ ಮೂರನೇ ಎರಡು ಭಾಗ ದಾಟೋದು ಬೇಡ. ನಡುವೆ ಒಂದೇ ಗುಡ್ಡ ಮಾಡುವುದಕ್ಕಿಂತ ಒಂದು ದೊಡ್ಡದು, ಒಂದು ಚಿಕ್ಕದು ಅಂತ ಎರಡು ದ್ವೀಪ ಮಾಡಿ, ನಡುವೆ ಕೈ ಹೋಗುವಷ್ಟು ಜಾಗ ಬಿಡಿ. ದಿನವೂ ಫೋಟೋ ತೆಗೆಯಿರಿ, ಎರಡು ದಿನ ಬಿಟ್ಟು ನೋಡಿದಾಗ ಯಾವುದು ಚೆನ್ನಾಗಿದೆ ಅಂತ ತಾನಾಗೇ ಗೊತ್ತಾಗುತ್ತೆ. ಬೇಕಾದ ಆಕಾರ ಸಿಗದಿದ್ದರೆ ಉಳಿ ಸುತ್ತಿಗೆಯಿಂದ ಒಡೆಯಿರಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು.

ಒಂದೊಂದು ಕಲ್ಲೂ ಕಡಿಮೆಯೆಂದರೆ ಮೂರು ಕಡೆ ಆನಿಕೊಂಡಿರಬೇಕು, ಮೂರು ಕಲ್ಲಿನ ಒಲೆ ಮೇಲೆ ಮಡಕೆ ಕೂತ ಹಾಗೆ. ಆಮೇಲೆ ಅಂಟಿಸೋದು. ಇದನ್ನು ಬಿಡಲೇಬೇಡಿ. ಕಲ್ಲನ್ನು ಪೂರ್ತಿ ಒಣಗಿಸಿ, ಎರಡು ಕಲ್ಲು ಸೇರುವ ಕಡೆ ಸೂಪರ್ ಗ್ಲೂ ಜೆಲ್ ದಪ್ಪಗೆ ಹಚ್ಚಿ ಒತ್ತಿಹಿಡಿಯಿರಿ. ಸುತ್ತಲಿನ ಸಂದಿಗೆ ಅದೇ ಕಲ್ಲಿನ ಪುಡಿ ತುಂಬಿ, ಮೇಲೆ ತೆಳು ಸೂಪರ್ ಗ್ಲೂ ಹನಿಸಿ. ಪುಡಿ ಹನಿಯನ್ನು ಹೀರಿಕೊಂಡು ಕ್ಷಣದಲ್ಲಿ ಬಿಸಿಯಾಗುತ್ತದೆ, ಘಾಟು ಹೊಗೆ ಬರುತ್ತದೆ, ಕಲ್ಲಿನಷ್ಟೇ ಗಟ್ಟಿಯಾಗುತ್ತದೆ. ಕಿಟಕಿ ತೆರೆದಿಟ್ಟು ಮಾಡಿ. ಕಮಾನು, ಚಾಚಿದ ಹಲಗೆ ತರಹದ್ದು ಬೇಕಿದ್ದರೆ ಡ್ರಿಲ್ ಮಾಡಿ ಅಕ್ರಿಲಿಕ್ ಕಡ್ಡಿ ತೂರಿಸಿ. ಕಬ್ಬಿಣದ ಮೊಳೆ, ತಾಮ್ರದ ತಂತಿ ಮಾತ್ರ ಬೇಡವೇ ಬೇಡ. ತಾಮ್ರ ನೀರಿಗೆ ಇಳಿದರೆ ಸಿಗಡಿ, ಬಸವನಹುಳು, ಹವಳ ಯಾವುದೂ ಉಳಿಯೋಲ್ಲ. ಅಂಟು ಗಟ್ಟಿಯಾದ ಮೇಲೆ ದ್ವೀಪವನ್ನು ಎತ್ತಿ ಸ್ವಲ್ಪ ಅಲ್ಲಾಡಿಸಿ ನೋಡಿ. ಕಟಕಟ ಅಂದರೆ ಆ ಜಾಗಕ್ಕೆ ಇನ್ನೊಂದು ಸಲ ಅಂಟು ಹಾಕಿ.

ಟ್ಯಾಂಕಿಗೆ ಇಳಿಸುವಾಗ ಮೊದಲು ಕಲ್ಲು, ಆಮೇಲೆ ಮರಳು. ಇದು ಸುಮ್ನೆ ಹೇಳೋ ಮಾತಲ್ಲ. ಗೋಬಿ ಮೀನು ಮತ್ತು ಪಿಸ್ತೂಲ್ ಸಿಗಡಿ ಜೊತೆಯಾಗಿ ಕಲ್ಲಿನ ಬುಡದಲ್ಲೇ ಬಿಲ ತೋಡುತ್ತವೆ. ಸಿಗಡಿ ಬುಲ್ಡೋಜರ್ ತರಹ ಮರಳು ತಳ್ಳುತ್ತಲೇ ಇರುತ್ತದೆ, ಗೋಬಿ ಬಾಗಿಲಲ್ಲಿ ಕಾವಲು ನಿಂತಿರುತ್ತದೆ. ಕಲ್ಲು ಮರಳಿನ ಮೇಲೆ ಕೂತಿದ್ದರೆ ಒಂದು ರಾತ್ರಿ ಅವುಗಳ ಮೇಲೇ ಕುಸಿಯುತ್ತದೆ, ಇಲ್ಲವೇ ಗಾಜಿಗೆ ಬಡಿಯುತ್ತದೆ. ತಳದ ಕಲ್ಲು ಚಪ್ಪಟೆಯಾಗಿರಲಿ, ಒಂದೇ ಚೂಪು ತುದಿಯ ಮೇಲೆ ಇಡೀ ಭಾರ ಬೀಳಬಾರದು.

ಹವಳಕ್ಕೆ ಜಾಗ ಈಗಲೇ ಯೋಚಿಸಿ. ಅಕ್ರೊಪೋರಾ ತರಹದ ಬೆಳಕು ಜಾಸ್ತಿ ಬೇಕಾದವಕ್ಕೆ ಮೇಲೆ ಚಪ್ಪಟೆ ಜಾಗ, ಮಶ್ರೂಮ್ ಹವಳಕ್ಕೆ ಕೆಳಗೆ ನೆರಳಿನ ಮೂಲೆ. ಹ್ಯಾಮರ್ ಹವಳ ರಾತ್ರಿ ಉದ್ದ ಎಳೆ ಚಾಚಿ ಪಕ್ಕದವರನ್ನು ಸುಡುತ್ತದೆ, ಅದರ ಸುತ್ತ 15 ಸೆಂ.ಮೀ. ಬಿಡಿ. ಬೇಗ ಹಬ್ಬುವ ಗ್ರೀನ್ ಸ್ಟಾರ್ ಪಾಲಿಪ್ ಹವಳ ಇಷ್ಟವಾದರೆ ಮರಳಿನ ನಡುವೆ ಬೇರೆಯದೇ ಒಂದು ಕಲ್ಲು ಕೊಡಿ. ದ್ವೀಪದ ಮೇಲೆ ಬಿಟ್ಟರೆ ಇಡೀ ದ್ವೀಪ ಅದರದೇ.

ಉಪ್ಪು ಬೆರೆಸಿದ ಆರ್‌ಒ ನೀರನ್ನು, ಮರಳಿನ ಮೇಲೆ ಇಟ್ಟ ತಟ್ಟೆಯ ಮೇಲೆ ನಿಧಾನ ಸುರಿಯಿರಿ, ಮರಳು ಏಳೋಲ್ಲ. ಸಾಂದ್ರತೆ 1.025ರ ಹತ್ತಿರ ಇರಲಿ. ವೇವ್‌ಮೇಕರ್ (ಟ್ಯಾಂಕಿನೊಳಗೆ ನೀರು ಓಡಾಡಿಸುವ ಪಂಪು) ಹಾಕಿ, ಮೀನಿನ ಆಹಾರದ ಪುಡಿ ಚಿಟಿಕೆಯಷ್ಟು ಬಿಟ್ಟು ಕಲ್ಲಿನ ಹಿಂದೆ ಅದು ಎಲ್ಲಿ ನಿಲ್ಲುತ್ತೆ ನೋಡಿ. ನಿಂತ ಕಡೆಯೇ ನಾಳೆ ಕೊಳೆ ಕೂರುವ ಜಾಗ. ಪಂಪಿನ ಮುಖ ತಿರುಗಿಸಿ, ಆಗದಿದ್ದರೆ ಕಲ್ಲನ್ನೇ ಒಂದಿಷ್ಟು ತಿರುಗಿಸಿ. ಇವತ್ತು ಎರಡು ನಿಮಿಷದ ಕೆಲಸ. ಮುಂದಿನ ವಾರಗಳಲ್ಲಿ ಕಲ್ಲಿನ ಮೇಲೆ ಕಂದು ಧೂಳಿನಂಥ ಡಯಾಟಮ್ ಪಾಚಿ ಬರುತ್ತದೆ, ಹೆದರಿ ಕಲ್ಲು ಹೊರಗೆ ತೆಗೆದು ಉಜ್ಜಬೇಡಿ. ಅದು ತಾನಾಗೇ ಹೋಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಏರಿ, ಮತ್ತೆ ಸೊನ್ನೆಗೆ ಬಂದು ಅಲ್ಲೇ ನಿಂತ ಮೇಲೆ ಮೊದಲ ಮೀನು ಬಿಡಿ.