ಹಿತ್ತಿಲನ್ನು ಬೇರೆ ಸೈಟು ಮಾಡಿಸಿದ್ದು: ನನ್ನ ಅನುಭವ

ನಮ್ಮ ಸೈಟು 20 ಮೀಟರ್ ಅಗಲ, 30 ಮೀಟರ್ ಉದ್ದ. ರಸ್ತೆ ಕಡೆಗೆ ಹಳೆ ಮನೆ, ಹಿಂದೆ ಖಾಲಿ ಹಿತ್ತಿಲು. ಅದನ್ನು ಬೇರೆ ಸೈಟು ಮಾಡಿಸಿ ತಮ್ಮನ ಹೆಸರಿಗೆ ಬರೆದುಕೊಡಬೇಕಿತ್ತು. ‘ಪತ್ರ ಬರೆದುಬಿಡಿ, ಪಾಲಿಕೆ ಕೆಲಸ ಆಮೇಲೆ ನೋಡಿಕೊಂಡರಾಯಿತು’ ಎನ್ನುವವರು ಎಲ್ಲ ಕಡೆಯೂ ಸಿಗುತ್ತಾರೆ. ವಿಭಜನೆಗೆ ಮಂಜೂರಾತಿ ಇಲ್ಲದ ತುಂಡಿನ ಮೇಲೆ ಮನೆ ಕಟ್ಟಲು ಪರವಾನಗಿ ಕೇಳಿದರೆ ಕಡತ ಅಲ್ಲೇ ಕೂರುತ್ತದೆ, ಬ್ಯಾಂಕಿನ ಸಾಲದ್ದೂ ಅದೇ ಕಥೆ. ಅನುಮೋದನೆ ಕೈಗೆ ಬರುವ ತನಕ ಪತ್ರದ ಮಾತೇ ಬೇಡ ಎಂದು ತಮ್ಮನಿಗೆ ಹೇಳಿಬಿಟ್ಟೆ.

ನಮ್ಮ ವಲಯದ ನಿಯಮದಲ್ಲಿ ಒಂದು ಸೈಟು ಕನಿಷ್ಠ 250 ಚದರ ಮೀಟರ್ ಇರಬೇಕು. ನಮ್ಮದು ಒಟ್ಟು 600, ಧಾರಾಳವಾಗಿಯೇ ಕಾಣುತ್ತದೆ. ಆದರೆ ಹಿಂದಿನ ಸೈಟಿಗೆ ರಸ್ತೆಯಿಂದ ಮೂರೂವರೆ ಮೀಟರ್ ಅಗಲದ ಸ್ವಂತ ದಾರಿ ಬಿಡಬೇಕು, ಆ ದಾರಿಯ ಜಾಗ 250ರ ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ಸೈಟಿಗೆ ಉಳಿಯುವ ಅಗಲ 16.5 ಮೀಟರ್. ಎರಡೂ ಕಡೆ 250 ದಾಟಬೇಕಾದರೆ ಸೈಟನ್ನು ಎರಡು ಮಾಡುವ ಗೆರೆ ರಸ್ತೆಯಿಂದ 15.2 ಮೀಟರಿಗೂ 17.5 ಮೀಟರಿಗೂ ನಡುವೆ ಬೀಳಬೇಕು.

ಆ ನಡುವಿನಲ್ಲಿ ಎಲ್ಲಿ ಎಂಬುದನ್ನು ಹೇಳಿದ್ದು ಹಳೆ ಮನೆ. ಹಿಂದಿನ ಗೋಡೆ ರಸ್ತೆಯಂಚಿನಿಂದ 13 ಮೀಟರಿಗಿದೆ, ಸೆಟ್‌ಬ್ಯಾಕ್, ಅಂದರೆ ಕಟ್ಟಡಕ್ಕೂ ಗಡಿಗೂ ನಡುವೆ ಬಿಡಬೇಕಾದ ಖಾಲಿ ಜಾಗ, ಎರಡು ಮೀಟರ್. ಶುಲ್ಕ ಕಟ್ಟುವ ಮೊದಲೇ ಪೆನ್ಸಿಲ್ ಸ್ಕೆಚ್ ಹಿಡಿದು ಯೋಜನಾ ವಿಭಾಗದ ಇಂಜಿನಿಯರ್ ಹತ್ತಿರ ಹೋದೆ. ಅವರು ಹೊರಗಿನ ಮೆಟ್ಟಿಲಿನ ಮೇಲೆ ಬೆರಳಿಟ್ಟು, “ಗೋಡೆಯಿಂದಲ್ಲ ಸಾರ್, ಇದರ ಅಂಚಿನಿಂದ ಅಳೀರಿ” ಅಂದರು. ಮೆಟ್ಟಿಲು ಇನ್ನೊಂದು ಮೀಟರ್ ಚಾಚಿದೆ, ಹಾಗಾಗಿ ಗೆರೆ 16ಕ್ಕೆ ಬಂತು: ಮುಂದೆ 264, ಹಿಂದೆ 280, ದಾರಿಗೆ 56. ಇನ್ನೊಂದು ಲೆಕ್ಕವೂ ಇದೆ. 120 ಚದರ ಮೀಟರಿನ ಮನೆ ಇಡೀ ಸೈಟಿನಲ್ಲಿ ಶೇ. 20 ಆವರಿಸಿತ್ತು, ಈಗ ಮುಂದಿನ ಸೈಟಿನಲ್ಲಿ ಶೇ. 45 ಆಗುತ್ತದೆ. ಮಿತಿ 50. ಅಂದರೆ ಮುಂದೆ ನೆಲಮಹಡಿಗೆ ಒಂದು ಸಣ್ಣ ಕೋಣೆ ಸೇರಿಸಬಹುದು, ಅಷ್ಟೇ. ಮನೆಯವರಿಗೆಲ್ಲ ಇದನ್ನು ಮೊದಲೇ ತಿಳಿಸಿದ್ದು ಒಳ್ಳೆಯದಾಯಿತು.

ಸರ್ವೆಗೆ ಕಾಂಪೌಂಡನ್ನು ನಂಬಲಿಲ್ಲ. ಸರ್ವೆಯರ್ ಮೂಲ ನಕ್ಷೆ ತಂದು, ಮಣ್ಣು ಕೆದಕಿ ಗಡಿಕಲ್ಲು ಹುಡುಕಿಯೇ ಅಳತೆ ಶುರುಮಾಡಿದರು.

ಹೆಚ್ಚು ತಲೆ ಕೆಡಿಸಿದ್ದು ಒಳಚರಂಡಿ. ಹಿತ್ತಿಲು ರಸ್ತೆಗಿಂತ 40 ಸೆಂಟಿಮೀಟರ್ ತಗ್ಗು. ಪೈಪಿಗೆ ನೂರಕ್ಕೆ ಒಂದರ ಇಳಿಜಾರು ಇಟ್ಟರೆ 30 ಮೀಟರಿಗೆ ಇನ್ನೂ 30 ಸೆಂಟಿಮೀಟರ್ ಆಳ ಬೇಕು. ರಸ್ತೆಯ ಮ್ಯಾನ್‌ಹೋಲಿನಲ್ಲಿ ಪೈಪು 1.2 ಮೀಟರ್ ಆಳದಲ್ಲಿದ್ದುದರಿಂದ ಬಚಾವಾದೆವು, ಪಂಪು ಬೇಕಾಗಲಿಲ್ಲ. ಹೊಸ ಪೈಪು ದಾರಿಯ ಕೆಳಗೇ ಹೋಗುತ್ತದೆ. ನಮ್ಮ ಹಳೆ ನೀರಿನ ಪೈಪೂ ಅಲ್ಲೇ ಇದ್ದುದರಿಂದ ಅದನ್ನು ರಿಪೇರಿ ಮಾಡುವ ಹಕ್ಕನ್ನು ಪತ್ರದ ಕರಡಿನಲ್ಲಿ ಬರೆಸಿದೆ. ಅಣ್ಣ-ತಮ್ಮ ಜಗಳವಾಡದಿದ್ದರೂ ನಾಳೆ ಕೊಂಡವರು ಬಿಡುತ್ತಾರೆಯೇ?

ನೆರೆಯವರಿಗೆ ನೋಟಿಸು ಹೋಯಿತು. ಮಳೆನೀರು ತಮ್ಮ ಕಡೆ ನುಗ್ಗುತ್ತದೆ ಎಂದು ಒಬ್ಬರು ತಕರಾರು ಕೊಟ್ಟರು. ತಗ್ಗಿನ ಜಾಗ, ಮಾತಿನಲ್ಲಿ ಹುರುಳಿತ್ತು. ಗಡಿಯುದ್ದಕ್ಕೂ ಚರಂಡಿ, ಮೂಲೆಯಲ್ಲೊಂದು ಇಂಗುಗುಂಡಿ ತೋರಿಸಿ ನಕ್ಷೆ ತಿದ್ದಿಕೊಟ್ಟೆ.

ಬಂದದ್ದು ಷರತ್ತುಬದ್ಧ ಅನುಮೋದನೆ. ಚರಂಡಿ ತೋಡಿಸಿ, ಹೊಸ ಗಡಿಕಲ್ಲು ನೆಡಿಸಿ, ತಪಾಸಣೆ ಮುಗಿದ ಮೇಲಷ್ಟೇ ಅಂತಿಮ ನಕ್ಷೆಗೆ ಮುದ್ರೆ ಬಿತ್ತು. ತಮ್ಮನ ಪತ್ರಕ್ಕೆ ಅದೇ ನಕ್ಷೆ ಲಗತ್ತಿಸಿ ನೋಂದಣಿ ಮಾಡಿಸಿದೆವು.