ಹಳೆ ರಾಕ್ಷಸರು, ಈಗಿನ ಮಕ್ಕಳು: ಜೊತೆಗೆ ಕೂತು ನೋಡೋ ಬಗೆ

ಮೊದಲು ಟಿವಿ ಸರಿ ಮಾಡಿಕೊಳ್ಳಿ. ಯಾವ ಸಿನಿಮಾ ಅನ್ನೋದು ಆಮೇಲೆ.

ನಾನು ಗದಗ-ಬೆಟಗೇರಿಯಲ್ಲಿ ಟಿವಿ ರಿಪೇರಿ ಮಾಡುವವನು. ಡಬ್ಬಿ ಟಿವಿ ಕಾಲದಿಂದ ಇದೇ ಕೆಲಸ. ಮಕ್ಕಳಿಗೆ ಹಳೆ ಸಿನಿಮಾ ಹಾಕಿ ಕೂತಿರುವ ಮನೆಗಳನ್ನು ನೋಡಿದರೆ ನನಗೆ ಖುಷಿಯಾಗುತ್ತದೆ. ಆದರೆ ಪರದೆ ನೋಡಿದರೆ ಸಂಕಟ. ಅದರೊಳಗಿನ ಜನರೆಲ್ಲ ಅಡ್ಡಡ್ಡ ಉಬ್ಬಿರುತ್ತಾರೆ. 1950ಕ್ಕಿಂತ ಹಿಂದಿನ ಸಿನಿಮಾಗಳ ಚೌಕಟ್ಟು ಹೆಚ್ಚುಕಡಿಮೆ 4:3, ಈಗಿನ ಟಿವಿ 16:9. ಪರದೆ ತುಂಬಲಿ ಅಂತ ಯಾರೋ ಚಿತ್ರವನ್ನು ಎಳೆದು ಬಿಟ್ಟಿರುತ್ತಾರೆ. ಪಿಕ್ಚರ್ ಸೈಜ್‌ಗೆ ಹೋಗಿ 4:3 ಅಥವಾ ಒರಿಜಿನಲ್ ಅಂತ ಇಡಿ. ಎಡಬಲಕ್ಕೆ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಐದು ನಿಮಿಷದಲ್ಲಿ ಮಕ್ಕಳು ಅದನ್ನು ಮರೆತೇ ಬಿಡುತ್ತಾರೆ.

ಎರಡನೇ ಸೆಟ್ಟಿಂಗ್ ಇನ್ನೂ ಮುಖ್ಯ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ಓಡುತ್ತದೆ. ಈಗಿನ ಟಿವಿಗಳು ಅದರ ನಡುವೆ ತಾವೇ ಚಿತ್ರ ಹುಟ್ಟಿಸಿ ಸೇರಿಸುತ್ತವೆ, ಕ್ರಿಕೆಟ್ ನುಣ್ಣಗೆ ಕಾಣಲಿ ಅಂತ. ಎಲ್‌ಜಿಯಲ್ಲಿ ಅದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ. ಗೊಂಬೆಯನ್ನು ಒಂದೊಂದೇ ಚೂರು ಸರಿಸಿ ತೆಗೆದ ರಾಕ್ಷಸನ ಮೇಲೆ ಇದನ್ನು ಬಿಟ್ಟರೆ ಅವನು ಕಲಸಿಹೋಗುತ್ತಾನೆ. ಕೈಕಾಲಿನ ಅಂಚಿನಲ್ಲಿ ಹೊಗೆ ಎದ್ದ ಹಾಗೆ ಕಾಣುತ್ತದೆ. ಪೂರ್ತಿ ಆಫ್ ಮಾಡಿ. ಧ್ವನಿಯಲ್ಲಿ ಬಾಸ್ ಇಳಿಸಿ, ಕ್ಲಿಯರ್ ವಾಯ್ಸ್ ಇದ್ದರೆ ಹಾಕಿ. ಟಿವಿ ಕೆಲಸ ಇಷ್ಟೇ.

ಇನ್ನು ನಿಮ್ಮ ಕೆಲಸ. ಮಕ್ಕಳಿಗೆ ರಿಮೋಟ್ ಕೊಟ್ಟು ಅಡುಗೆಮನೆಗೆ ಹೋದರೆ ಹಳೆ ಸಿನಿಮಾ ಹತ್ತು ನಿಮಿಷವೂ ನಿಲ್ಲುವುದಿಲ್ಲ. ಪಕ್ಕದಲ್ಲಿ ಕೂರಬೇಕು, ಬಾಯಿ ಬಿಡಬೇಕು. ನಮ್ಮ ಕಡೆ ಹಳ್ಳಿಗಳಲ್ಲಿ ದೊಡ್ಡಾಟ ನೋಡಿದವರಿಗೆ ಸಾರಥಿ ಗೊತ್ತು. ಯಾವ ಪಾತ್ರ ರಂಗಕ್ಕೆ ಬಂದರೂ ಅವನು ಎದುರು ನಿಂತು ನೀವು ಯಾರು, ಯಾವ ಊರು, ಬಂದ ಕಾರಣ ಏನು ಅಂತ ಕೇಳಿ ಹೇಳಿಸುತ್ತಾನೆ. ಇಂಗ್ಲಿಷ್ ಅಥವಾ ಜಪಾನಿ ಸಿನಿಮಾ ಮುಂದೆ ಕೂತ ಏಳೆಂಟು ವರ್ಷದ ಕನ್ನಡದ ಮಕ್ಕಳಿಗೆ ನೀವೇ ಆ ಸಾರಥಿ. ಸಬ್‌ಟೈಟಲ್ ಓದುವಷ್ಟು ವೇಗ ಅವರಿಗಿನ್ನೂ ಇರುವುದಿಲ್ಲ. ಮಾತು ಮಾತಿಗೂ ಅನುವಾದ ಬೇಡ. "ಈ ಮನುಷ್ಯ ಸಿನಿಮಾ ತೆಗೆಯೋಕೆ ದ್ವೀಪಕ್ಕೆ ಹೊರಟಿದ್ದಾನೆ. ಅಲ್ಲಿ ಏನಿದೆ ಅಂತ ಹಡಗಿನವರಿಗೆ ಹೇಳಿಲ್ಲ." ಇಷ್ಟು ಸಾಕು. ರಾಕ್ಷಸ ಬಂದ ಮೇಲೆ ಮಾತ್ರ ಸುಮ್ನಿರಿ. ಆಮೇಲೆ ಮಾತು ಅವರದು.

ಈಗ ಸಿನಿಮಾ. ನನ್ನ ಅನುಭವದಲ್ಲಿ ಗೊತ್ತಿರುವ ಕತೆಯಿಂದ ಶುರು ಮಾಡುವುದು ಒಳ್ಳೆಯದು. 1983ರ ಭಕ್ತ ಪ್ರಹ್ಲಾದ ಹಾಕಿ. ರಾಜ್‌ಕುಮಾರ್ ಹಿರಣ್ಯಕಶಿಪು, ಪುಟ್ಟ ಪುನೀತ್ ಪ್ರಹ್ಲಾದ. ಕಂಬ ಒಡೆದು ನರಸಿಂಹ ಬರುತ್ತಾನೆ ಅನ್ನೋದು ಎಲ್ಲ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಕಾಯುತ್ತಾರಲ್ಲ, ಅದೇ ಬೇಕಾಗಿರೋದು. ಹಳೆ ಸಿನಿಮಾ ನೋಡೋಕೆ ಬೇಕಾದ ಕಾಯುವ ಅಭ್ಯಾಸ ಇಲ್ಲಿಂದ ಬರುತ್ತದೆ. ಪುನೀತ್ ಅಂದರೆ ಅಪ್ಪು ಅಂತ ಅಕ್ಕರೆ ಇರುವ ಮನೆಗಳಲ್ಲಂತೂ ಇದಕ್ಕೆ ಬೇರೆ ಪೀಠಿಕೆಯೇ ಬೇಡ.

ಅದಾದ ಮೇಲೆ 1957ರ ಮಾಯಾಬಜಾರ್. ತೆಲುಗು, ಮೂರು ತಾಸಿನ ಸಿನಿಮಾ. ಒಂದೇ ಸಲ ಕೂರಿಸಬೇಡಿ. ಎಸ್. ವಿ. ರಂಗರಾವ್ ಅವರ ಘಟೋತ್ಕಚ ಮದುವೆ ಮನೆಯ ಅಡುಗೆಗೆ ಕೈ ಹಾಕುವ ಹಾಡು ಮೊದಲು ತೋರಿಸಿ. ಲಡ್ಡುಗಳು ತಾವಾಗಿ ಅವನ ಬಾಯಿಗೆ ಹೋಗುತ್ತವೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕ್ಯಾಮೆರಾಮನ್ ಮಾರ್ಕಸ್ ಬಾರ್ಟ್ಲಿ ಮಾಡಿದ ಕೈಚಳಕ ಇದು. ಹಾಗೇ ಪ್ರಿಯದರ್ಶಿನಿ ಅನ್ನುವ ಪೆಟ್ಟಿಗೆ ಬರುತ್ತದೆ. ತೆರೆದವರಿಗೆ ಯಾರು ಇಷ್ಟವೋ ಅವರು ಅದರಲ್ಲಿ ಕಾಣಿಸುತ್ತಾರೆ. ಶಶಿರೇಖೆಗೆ ಅಭಿಮನ್ಯು ಕಾಣುತ್ತಾನೆ. ನಮ್ಮ ಓಣಿಯ ಹುಡುಗಿಯೊಬ್ಬಳು "ಮಾಮಾ, ಇದು ವಿಡಿಯೋ ಕಾಲ್" ಅಂದಳು. ಅಲ್ಲಿಂದ ಮುಂದೆ ತೆಲುಗು ಯಾರಿಗೂ ಅಡ್ಡ ಬರಲಿಲ್ಲ.

ಮೂರನೆಯದು 1940ರ ದ ಥೀಫ್ ಆಫ್ ಬಾಗ್ದಾದ್. ಇದರ ಹುಡುಗ ನಮ್ಮ ರಾಜ್ಯದವನು. ಸಾಬು ಅಂತ ಹೆಸರು. 1924ರಲ್ಲಿ ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ, ಮಾವುತನ ಮಗ. ಅಲ್ಲಿಂದ ಹೋಗಿ ಹಾಲಿವುಡ್‌ನಲ್ಲಿ ದೊಡ್ಡ ಹೆಸರು ಮಾಡಿದ. ಇದನ್ನು ಮೊದಲೇ ಹೇಳಿಬಿಟ್ಟರೆ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ, ನಮ್ಮ ಹುಡುಗ ಅಂತ. ಸೀಸೆಯಿಂದ ಎದ್ದ ಜೀನಿ ಬೆಟ್ಟದಷ್ಟು ಬೆಳೆದು, ಹುಡುಗನನ್ನು ತುಳಿಯಲು ಕಾಲು ಎತ್ತುತ್ತಾನೆ. "ಇಷ್ಟು ದೊಡ್ಡವನು ಆ ಸೀಸೆಯಲ್ಲಿ ಹೇಗಿದ್ದೆ? ನಾನು ನಂಬೋದಿಲ್ಲ" ಅನ್ನೋ ಮಾತಲ್ಲೇ ಹುಡುಗ ಅವನನ್ನು ಮತ್ತೆ ಒಳಗೆ ಕಳಿಸುತ್ತಾನೆ. ಇಲ್ಲಿ ಸಿನಿಮಾ ನಿಲ್ಲಿಸಿ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿ. ಉತ್ತರಗಳಿಗೆ ಅರ್ಧ ತಾಸು ಇಟ್ಟುಕೊಳ್ಳಿ.

ಕಿಂಗ್ ಕಾಂಗ್ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. 1933ರ ಕಪ್ಪು-ಬಿಳುಪಿನದನ್ನೇ ತೋರಿಸಿ. ನೂರು ನಿಮಿಷದ ಸಿನಿಮಾದಲ್ಲಿ ಕಾಂಗ್ ಬರೋದು ಸುಮಾರು ಮುಕ್ಕಾಲು ತಾಸಿನ ಮೇಲೆ. ಎಂಟು ವರ್ಷದವರು ಅಷ್ಟು ಹೊತ್ತು ಕೂರುವುದು ಕಷ್ಟ. ಹಾಗಾಗಿ ಹಡಗು ದ್ವೀಪ ಮುಟ್ಟುವವರೆಗಿನ ಕತೆಯನ್ನು ನೀವೇ ಹೇಳಿ, ಮಂಜಿನೊಳಗೆ ಹಡಗು ಬರುವಲ್ಲಿಂದ ಹಾಕಿ. ಆ ದ್ವೀಪದ ಕರಿಯ ಜನರನ್ನು ತೋರಿಸಿದ ರೀತಿ ತಪ್ಪು. ಅದನ್ನು ಮುಚ್ಚಿಡಬೇಡಿ. ಆಗಿನ ಸಿನಿಮಾದವರು ಜನರನ್ನು ಹೀಗೆ ಕೀಳಾಗಿ ತೋರಿಸುತ್ತಿದ್ದರು, ಅದು ಸರಿಯಲ್ಲ ಅಂತ ನೇರವಾಗಿ ಹೇಳಿ. ಮಕ್ಕಳಿಗೆ ಅರ್ಥವಾಗುತ್ತದೆ.

ಕಾಂಗ್ ಬಂದ ಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ, "ಇದು ಗೊಂಬೆ ಅಲ್ವಾ?" ಹೌದು ಅನ್ನಿ. ಸಂತೋಷದಿಂದ ಹೌದು ಅನ್ನಿ. ಒಂದು ಅಡಿ ಅಳತೆಪಟ್ಟಿ ತಂದು, ಅದರ ಮೇಲೆ ಇನ್ನರ್ಧ ಅಡಿ ಸೇರಿಸಿ ತೋರಿಸಿ. ಆ ಗೊಂಬೆಯ ಎತ್ತರ ಸುಮಾರು 18 ಇಂಚು. ಒಳಗೆ ಲೋಹದ ಅಸ್ಥಿಪಂಜರ, ಹೊರಗೆ ಮೊಲದ ಚರ್ಮ. ವಿಲ್ಲಿಸ್ ಓಬ್ರಿಯನ್ ಮತ್ತು ಅವರ ಜೊತೆಗಾರರು ಅದನ್ನು ಕೈಯಿಂದ ಒಂದು ಚೂರು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು ಚಿತ್ರ, ಹೀಗೆ ತೆಗೆದರು. ಕಾಂಗ್ ಸುಮ್ನೆ ನಿಂತಾಗಲೂ ಮೈಮೇಲಿನ ಕೂದಲು ಅಲ್ಲಾಡುತ್ತಿರುತ್ತದೆ. ಅದು ಪ್ರತಿ ಸಲ ಮುಟ್ಟಿದ ಬೆರಳುಗಳ ಗುರುತು. ಅಲ್ಲೊಮ್ಮೆ ಪಾಸ್ ಮಾಡಿ, ಒಂದೊಂದೇ ಚಿತ್ರ ಮುಂದೆ ಸರಿಸಿ, ಭುಜದ ಹತ್ತಿರ ನೋಡಿ ಅಂತ ತೋರಿಸಿ. ಆ ಕೂದಲಲ್ಲಿ ತೊಂಬತ್ತು ವರ್ಷದ ಹಿಂದಿನ ಒಬ್ಬ ಮನುಷ್ಯನ ಕೈ ಕಾಣುತ್ತದೆ. ನನಗೆ ಇವತ್ತಿಗೂ ಅದನ್ನು ನೋಡಿದಾಗ ಮೈ ಜುಂ ಅನ್ನುತ್ತದೆ. ಗೊಂಬೆ ಅಂತ ಗೊತ್ತಾದ ಮೇಲೆ ಮಕ್ಕಳು ಬಿಟ್ಟು ಹೋಗುತ್ತಾರೆ ಅಂತ ದೊಡ್ಡವರು ಹೆದರುತ್ತಾರೆ. ನಾನು ನೋಡಿದ್ದು ಉಲ್ಟಾ. ಗೊಂಬೆ ಅಂತ ಗೊತ್ತಿದ್ದೂ ಕೊನೆಗೆ ಕಾಂಗ್ ಬಿದ್ದಾಗ ಅಳುತ್ತಾರೆ. ಅಳಲಿ ಬಿಡಿ. "ಅದು ಸುಳ್ಳು, ಅಳಬೇಡ" ಅಂತ ಮಾತ್ರ ಹೇಳಬೇಡಿ.

ಹದಿಮೂರನೇ ವಯಸ್ಸಿನಲ್ಲಿ ಇದೇ ಸಿನಿಮಾ ನೋಡಿದ ರೇ ಹ್ಯಾರಿಹೌಸನ್ ಅನ್ನುವ ಹುಡುಗ ಮುಂದೆ ಇದೇ ಕೆಲಸ ಹಿಡಿದರು. ಅವರ 1963ರ ಜೇಸನ್ ಅಂಡ್ ದಿ ಆರ್ಗನಾಟ್ಸ್‌ನಲ್ಲಿ ಏಳು ಅಸ್ಥಿಪಂಜರಗಳು ಮೂವರು ಮನುಷ್ಯರ ಜೊತೆ ಕತ್ತಿ ಹಿಡಿದು ಕಾದಾಡುತ್ತವೆ. ಕೆಲವೇ ನಿಮಿಷದ ಆ ಜಗಳಕ್ಕೆ ನಾಲ್ಕು ತಿಂಗಳಿಗೂ ಜಾಸ್ತಿ ಹಿಡಿಯಿತು. ನಟರು ಕ್ಯಾಮೆರಾ ಮುಂದೆ ಬರೀ ಗಾಳಿಗೆ ಕತ್ತಿ ಬೀಸಿದ್ದರು. ಒಂಬತ್ತು ದಾಟಿದವರಿಗೆ ಇದು ಹಬ್ಬ.

ಹೆದರಿಕೆಯ ವಿಷಯ. ಹಗಲಲ್ಲೇ ಹಾಕಿ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡೋ ಹಾಗಿಲ್ಲ, ಅದೇ ಸರಿಯಾದ ಹೊತ್ತು. ಬಾಗಿಲು ಅರೆ ತೆರೆದಿರಲಿ, ಮುಂದೆ ಗಿರ್ಮಿಟ್ ಇರಲಿ. ಕತ್ತಲೆ ಮಾಡಿದರೆ ಮಜಾ ಅನ್ನೋದು ದೊಡ್ಡವರ ಆಸೆ. ಮಗು ಮಾತು ನಿಲ್ಲಿಸಿ ಕಾಲು ಮೇಲೆ ಎಳೆದುಕೊಂಡರೆ ಅದು ನಿಜವಾಗಿ ಹೆದರಿದೆ ಅಂತ. ಕಿರುಚಾಡುವ ಮಗು ಹೆಚ್ಚಾಗಿ ಖುಷಿಯಲ್ಲಿರುತ್ತದೆ. ಹೆದರಿದ ಮಗುವಿಗೆ ರಿಮೋಟ್ ಕೊಡಿ. ಬೇಕಾದಾಗ ನಿಲ್ಲಿಸುವ ಅಧಿಕಾರ ಕೈಯಲ್ಲಿದ್ದರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ. ಹೆದರುಪುಕ್ಕ ಅಂತ ಯಾರೂ ಅನ್ನಕೂಡದು, ಇದು ನಮ್ಮ ಮನೆಯ ಕಾನೂನು. 1931ರ ಫ್ರಾಂಕನ್‌ಸ್ಟೈನ್ ಒಳ್ಳೆಯ ಸಿನಿಮಾ. ಆದರೆ ಕೆರೆ ದಂಡೆಯಲ್ಲಿ ಪುಟ್ಟ ಹುಡುಗಿಗೆ ಆಗುವ ಗತಿ ಚಿಕ್ಕವರು ತಡೆಯುವಂಥದ್ದಲ್ಲ. ಹನ್ನೆರಡರ ಮೇಲೆ ನೋಡಲಿ.

1954ರ ಜಪಾನಿನ ಗಾಡ್ಜಿಲ್ಲಾವನ್ನೂ ಹತ್ತು ದಾಟಿದ ಮೇಲೆ ಇಟ್ಟುಕೊಳ್ಳಿ. ಅದು ದುಃಖದ ಸಿನಿಮಾ. ಹೈಡ್ರೋಜನ್ ಬಾಂಬ್ ಪರೀಕ್ಷೆ ಸಮುದ್ರದೊಳಗಿನ ಪ್ರಾಣಿಯನ್ನು ಎಬ್ಬಿಸುತ್ತದೆ. ಹಿರೋಶಿಮಾ, ನಾಗಸಾಕಿ ಆಗಿ ಆಗಿನ್ನೂ ಒಂಬತ್ತು ವರ್ಷ. ಅದೇ 1954ರ ಮಾರ್ಚ್‌ನಲ್ಲಿ ಅಮೆರಿಕದ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುಗಾರರ ದೋಣಿ ಮೇಲೆ ಬಿದ್ದಿತ್ತು. ಸಿನಿಮಾ ಶುರುವಾಗೋದೇ ದೋಣಿಯೊಂದರಿಂದ. ಇದನ್ನು ಮೊದಲು ಹೇಳಿ ತೋರಿಸಿದರೆ ಮಕ್ಕಳು ಗಾಡ್ಜಿಲ್ಲಾನನ್ನು ಬೇರೆ ಕಣ್ಣಲ್ಲಿ ನೋಡುತ್ತಾರೆ. ಅದರೊಳಗೆ ಇದ್ದದ್ದು ಹಾರುವೊ ನಕಾಜಿಮಾ ಎಂಬ ನಟ, ಸುಮಾರು ನೂರು ಕಿಲೋ ತೂಕದ ವೇಷ ಹೊತ್ತು. ಆ ಘರ್ಜನೆ ಬಂದದ್ದು ದೊಡ್ಡ ತಂತಿವಾದ್ಯವೊಂದರ ಸಡಿಲ ತಂತಿಯನ್ನು ಅಂಟು ಹಚ್ಚಿದ ಚರ್ಮದ ಕೈಗವಸಿನಿಂದ ಉಜ್ಜಿ.

ಇದನ್ನು ಮನೆಯಲ್ಲೇ ಮಾಡಬಹುದು. ಕಾಗದದ ಚಹಾ ಕಪ್ಪಿನ ತಳಕ್ಕೆ ತೂತು ಮಾಡಿ ಗಟ್ಟಿ ನೂಲು ಪೋಣಿಸಿ, ಒಳಗೆ ಕಡ್ಡಿ ಕಟ್ಟಿ ನಿಲ್ಲಿಸಿ. ಒದ್ದೆ ಬಟ್ಟೆಯಿಂದ ನೂಲು ಹಿಡಿದು ಜಗ್ಗಿ ಜಗ್ಗಿ ಎಳೆಯಿರಿ. ಕಪ್ಪು ಅರಚುತ್ತದೆ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ನಿಧಾನಕ್ಕೆ ಓಡಿಸಿದರೆ ರಾಕ್ಷಸ ಎದ್ದು ಬರುತ್ತಾನೆ.

ಮತ್ತೆ ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ಒಂದು ಜೋಡಿ ಎತ್ತು ಹೆಚ್ಚಿಗೆ ಮಾಡಿ. ಪೂಜೆಯ ಎತ್ತು ಬೇರೆ, ಸಿನಿಮಾದ ಎತ್ತು ಬೇರೆ. ನಮ್ಮ ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ಹಾಗಾಗಿ ಒದ್ದೆ ಬಟ್ಟೆ ಮುಚ್ಚಿಟ್ಟು ಹಸಿಯಾಗೇ ಬಳಸಿ. ಕೊಂಬು ಉದ್ದ ಮಾಡಿ, ಹಲ್ಲು ಹಚ್ಚಿ, ರಾಕ್ಷಸ ಎತ್ತು ಮಾಡಲಿ. ಫೋನನ್ನು ಎರಡು ಇಟ್ಟಿಗೆ ನಡುವೆ ಅಲ್ಲಾಡದಂತೆ ನಿಲ್ಲಿಸಿ. ಕಿಟಕಿ ಬೆಳಕು ಬೇಡ. ಮೋಡ ಸರಿದರೆ ಚಿತ್ರ ಮಿಣುಕುತ್ತದೆ, ಟ್ಯೂಬ್‌ಲೈಟೇ ಸಾಕು. ಸ್ಟಾಪ್ ಮೋಷನ್ ಆ್ಯಪ್ ಪುಕ್ಕಟೆ ಸಿಗುತ್ತವೆ. ಸೆಕೆಂಡಿಗೆ ಎಂಟು ಚಿತ್ರ ಅಂತ ಇಡಿ. ಎತ್ತನ್ನು ಉಗುರಿನಷ್ಟು ಸರಿಸಿ, ಕೈ ಹಿಂದೆ ತೆಗೆದು, ಒಂದು ಫೋಟೋ. ಹತ್ತು ಸೆಕೆಂಡಿಗೆ ಎಂಬತ್ತು ಫೋಟೋ. ನಡುವೆ ಯಾರದೋ ಕೈ ಚಿತ್ರದಲ್ಲಿ ಬರುತ್ತದೆ, ಕಾಲು ಮುರಿಯುತ್ತದೆ, ಜಗಳವಾಗುತ್ತದೆ. ಹಾಗೇ ಮುಂದುವರಿಸಿ.

ರಜೆಯಲ್ಲಿ ಒಂದು ಬೆಳಿಗ್ಗೆ ಲಕ್ಕುಂಡಿಗೂ ಕರೆದುಕೊಂಡು ಹೋಗಿ. ಗದಗಿನಿಂದ ಹನ್ನೆರಡು ಕಿಲೋಮೀಟರ್ ಅಷ್ಟೇ. ಗುಡಿಗಳ ಮೇಲೆ ಕಣ್ಣು ಹಿಗ್ಗಿಸಿ ಬಾಯಿ ತೆರೆದ ಕೀರ್ತಿಮುಖಗಳಿವೆ. ಪೆನ್ಸಿಲ್, ಹಾಳೆ ಕೊಟ್ಟು, ಇಷ್ಟವಾದದ್ದನ್ನು ಬರೆದುಕೊಳ್ಳಿ ಅನ್ನಿ. ಮುಂದಿನ ಸಿನಿಮಾಕ್ಕೆ ಬೇಕಾದ ಮುಖ ಅಲ್ಲೇ ಸಿಗುತ್ತದೆ.

1993ರ ಜುರಾಸಿಕ್ ಪಾರ್ಕ್ ಬೇಕು ಅಂತ ಅವರು ಮೊದಲ ದಿನವೇ ಹಟ ಹಿಡಿಯಬಹುದು. ಅದನ್ನು ಕೊನೆಗೆ ಇಡಿ. ಅದರಲ್ಲಿ ಕಂಪ್ಯೂಟರ್ ಇದೆ, ಆದರೆ ಮಳೆಯಲ್ಲಿ ಕಾರಿನ ಮೇಲೆ ಬಗ್ಗುವ ದೊಡ್ಡ ಡೈನೋಸಾರ್ ಹಲವು ಕಡೆ ಸ್ಟ್ಯಾನ್ ವಿನ್‌ಸ್ಟನ್ ತಂಡ ಕಟ್ಟಿದ ನಿಜವಾದ ಯಂತ್ರ. ಮಳೆ ನೀರು ಹೀರಿ ತೂಕ ಏರಿ ಅದು ನಡುಗುತ್ತಿತ್ತಂತೆ, ಒರೆಸಿ ಒಣಗಿಸಿ ಮತ್ತೆ ಚಿತ್ರೀಕರಣ ಮಾಡುತ್ತಿದ್ದರು. ಆ ದೃಶ್ಯದಲ್ಲಿ ಯಂತ್ರ ಯಾವುದು, ಕಂಪ್ಯೂಟರ್ ಯಾವುದು ಅಂತ ಮಕ್ಕಳಿಗೇ ಕೇಳಿ. ಎತ್ತು ಸರಿಸಿ ಫೋಟೋ ತೆಗೆದ ಹುಡುಗರು ಪರದೆಯ ಹತ್ತಿರ ಹೋಗಿ ಬೆರಳು ಇಟ್ಟು ತೋರಿಸುತ್ತಾರೆ.